ಮನೆಯೊಳಗಿನ ಬಿಸಿಲು, ಗೋಡೆಯ ಮೇಲಿನ ನೆರಳು

ಕಿಟಕಿಯಿಂದ ಒಳಬರುವ ಬೆಳಕಿನಲ್ಲೇ ಫೋಟೊ ತೆಗೆಯುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಬರೆದವರಲ್ಲಿ ಮೊಬೈಲ್ ಬಳಸುವವರೂ ಇದ್ದಾರೆ, ಕ್ಯಾಮೆರಾ ಇಟ್ಟುಕೊಂಡವರೂ ಇದ್ದಾರೆ. ಇಬ್ಬರಿಗೂ ಉಪಯೋಗವಾಗುವಂತೆ ಉತ್ತರಿಸಿದ್ದೇವೆ.

ಪ್ರಶ್ನೆ: ಬೆಳಿಗ್ಗೆ ನಮ್ಮ ಕೋಣೆಯ ಗೋಡೆಯ ಮೇಲೆ ಕಿಟಕಿ ಸರಳುಗಳ ನೆರಳು ಬಹಳ ಚೆನ್ನಾಗಿ ಬೀಳುತ್ತದೆ. ಮೊಬೈಲ್‌ನಲ್ಲಿ ತೆಗೆದರೆ ನೆರಳು ಪೇಲವ, ಬಿಸಿಲು ಬಿದ್ದ ಜಾಗ ಬೆಳ್ಳಗೆ ಸುಟ್ಟ ಹಾಗೆ. ಕಣ್ಣಿಗೆ ಕಂಡದ್ದು ಫೋಟೊದಲ್ಲಿ ಯಾಕೆ ಬರುವುದಿಲ್ಲ?

ಎರಡು ಕಾರಣಗಳಿವೆ. ಕ್ಯಾಮೆರಾದ ಬೆಳಕಿನ ಅಳತೆ ಇಡೀ ಚೌಕಟ್ಟನ್ನು ಸರಾಸರಿ ನೋಡಿ, ಒಟ್ಟಾರೆ ಚಿತ್ರ ನಡುಬೂದು ಬಣ್ಣಕ್ಕೆ ಬರಲಿ ಎಂದು ಲೆಕ್ಕ ಹಾಕುತ್ತದೆ. ನಿಮ್ಮ ಚೌಕಟ್ಟಿನ ಮುಕ್ಕಾಲು ಭಾಗ ನೆರಳಿನ ಗೋಡೆ. ಅದನ್ನು ಬೂದುಬಣ್ಣಕ್ಕೆ ಎತ್ತುವ ಹೊತ್ತಿಗೆ ಬಿಸಿಲಿನ ತುಂಡು ಮಿತಿ ಮೀರಿ ಬೆಳ್ಳಗಾಗುತ್ತದೆ. ಎರಡನೆಯದು ಮೊಬೈಲ್‌ನ ಎಚ್‌ಡಿಆರ್. ಹಲವು ಫೋಟೊಗಳನ್ನು ಒಟ್ಟುಗೂಡಿಸಿ ಕತ್ತಲ ಭಾಗವನ್ನು ಬೆಳಗಿಸುವುದೇ ಅದರ ಕೆಲಸ. ನಿಮಗೆ ಬೇಕಾದ ನೆರಳನ್ನು ಅದು ದೋಷವೆಂದು ತಿಳಿದು ಅಳಿಸುತ್ತದೆ.

ಮೊದಲು ಕೋಣೆಯ ದೀಪಗಳನ್ನೆಲ್ಲ ಆರಿಸಿ. ನೆರಳಿನೊಳಗೆ ಬೀಳುವ ದೀಪದ ಬೆಳಕು ಅದನ್ನು ತೆಳುವಾಗಿಸುತ್ತದೆ. ಕೋಣೆಗೆ ಇನ್ನೊಂದು ಕಿಟಕಿಯಿದ್ದರೆ ಅದರ ಪರದೆ ಎಳೆಯಿರಿ, ಬಾಗಿಲು ಮುಚ್ಚಿ. ಈ ಒಂದು ಕೆಲಸದಿಂದ ಆಗುವಷ್ಟು ಬದಲಾವಣೆ ಆಮೇಲೆ ಎಡಿಟಿಂಗ್‌ನಲ್ಲಿ ಎಷ್ಟು ಹೆಣಗಿದರೂ ಆಗುವುದಿಲ್ಲ. ನಂತರ ಮೊಬೈಲ್‌ನಲ್ಲಿ ಎಚ್‌ಡಿಆರ್ ಮತ್ತು ನೈಟ್ ಮೋಡ್ ನಿಲ್ಲಿಸಿ. ಎಚ್‌ಡಿಆರ್ ನಿಲ್ಲಿಸಲು ಬಿಡದ ಫೋನ್ ಆದರೆ ಪ್ರೊ ಮೋಡ್ ಬಳಸಿ ಅಥವಾ ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಮಾಹಿತಿ) ತೆಗೆಯುವ ಬೇರೆ ಕ್ಯಾಮೆರಾ ಆ್ಯಪ್ ಹಾಕಿಕೊಳ್ಳಿ. ಬಿಸಿಲು ಬಿದ್ದ ಜಾಗವನ್ನೇ ಪರದೆಯ ಮೇಲೆ ಒತ್ತಿ ಹಿಡಿಯಿರಿ. ಫೋಕಸ್ಸೂ ಎಕ್ಸ್‌ಪೋಷರ್ರೂ ಅಲ್ಲಿಗೆ ಲಾಕ್ ಆಗುತ್ತವೆ. ಗೋಡೆಯ ಒರಟು, ಸುಣ್ಣದ ಗುರುತು ಬಿಸಿಲಿನ ಭಾಗದಲ್ಲಿ ಕಾಣುವ ತನಕ ಬೆಳಕನ್ನು ಕೆಳಗಿಳಿಸಿ. ಸಾಮಾನ್ಯವಾಗಿ ಒಂದರಿಂದ ಎರಡು ಸ್ಟಾಪ್ ಇಳಿಸಬೇಕಾಗುತ್ತದೆ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ, ಏರಿಸಿದರೆ ದುಪ್ಪಟ್ಟಾಗುತ್ತದೆ).

ಕ್ಯಾಮೆರಾ ಇದ್ದವರು ಮ್ಯಾನ್ಯುಯಲ್ ಮೋಡ್‌ನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಪ್ರಮಾಣ) 100, ಎಫ್/8 (ಲೆನ್ಸಿನ ಕಂಡಿಯ, ಅಂದರೆ ಅಪರ್ಚರ್‌ನ ಅಳತೆ), 1/250 ಸೆಕೆಂಡಿನಿಂದ ಶುರು ಮಾಡಬಹುದು. ಬಿಳಿ ಗೋಡೆಯ ಮೇಲೆ ನೇರ ಬಿಸಿಲಿದ್ದರೆ 1/400ರವರೆಗೆ ಹೋಗಬೇಕಾದೀತು. ಬಿಸಿಲು ಓರೆಯಾಗಿ ಬಿದ್ದಿದ್ದರೆ ಅಥವಾ ಹೊತ್ತು ಇಳಿದಿದ್ದರೆ 1/60 ಸಾಕಾಗಬಹುದು. ಹಿಸ್ಟೋಗ್ರಾಮ್‌ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ತನ್ನ ಚೌಕಟ್ಟಿನ ಬಲತುದಿಗೆ ತಾಗದಂತೆ ಇರಲಿ. ಬೆಳ್ಳಗೆ ಸುಟ್ಟುಹೋದ ಜಾಗದಲ್ಲಿ ಮಾಹಿತಿಯೇ ಉಳಿದಿರುವುದಿಲ್ಲ, ಹಾಗಾಗಿ ಅದನ್ನು ಮರಳಿ ತರಲಾಗದು. ಕತ್ತಲಾದ ಜಾಗದಿಂದ ಸ್ವಲ್ಪವಾದರೂ ಎಳೆದು ತೆಗೆಯಬಹುದು. ಆದ್ದರಿಂದ ಅಳತೆ ಯಾವಾಗಲೂ ಬಿಸಿಲಿಗೆ. ನೆರಳು ಕಪ್ಪಾದರೆ ಆಗಲಿ.

ಬರಿಯ ಗೋಡೆಯ ಮೇಲೆ ಫೋಕಸ್ ಹಿಡಿಯದೆ ಲೆನ್ಸ್ ಹಿಂದೆಮುಂದೆ ಓಡಾಡುತ್ತಿದ್ದರೆ, ಬಿಸಿಲೂ ನೆರಳೂ ಸೇರುವ ಅಂಚಿಗೆ ಫೋಕಸ್ ಮಾಡಿ. ತೆಗೆಯುವ ಮುನ್ನ ಮೊಬೈಲ್‌ನ ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಬೆರಳಚ್ಚಿನ ಜಿಡ್ಡೊಂದೇ ಸಾಕು, ಇಡೀ ಚಿತ್ರಕ್ಕೆ ಮಂಜು ಕವಿಯುತ್ತದೆ.

ಪ್ರಶ್ನೆ: ಒಂದೇ ಕಿಟಕಿಯಿಂದ ಬಿದ್ದರೂ ಸರಳಿನ ನೆರಳು ಚೂಪಾಗಿ, ಹೊರಗಿನ ಮರದ ನೆರಳು ಮಸುಕಾಗಿ ಬರುತ್ತದೆ. ಅಪರ್ಚರ್ ಕಿರಿದು ಮಾಡಿದರೂ ಸರಿಹೋಗಲಿಲ್ಲ. ಲೆನ್ಸ್ ದೋಷವೇ?

ಲೆನ್ಸ್ ಸರಿಯಾಗಿಯೇ ಇದೆ. ಮಸುಕು ಇರುವುದು ಗೋಡೆಯ ಮೇಲಿನ ನೆರಳಿನಲ್ಲೇ. ಆಕಾಶದಲ್ಲಿ ಸೂರ್ಯನ ಬಿಲ್ಲೆ ಸುಮಾರು ಅರ್ಧ ಡಿಗ್ರಿ ಅಗಲ ಕಾಣುತ್ತದೆ. ಬಿಲ್ಲೆಯ ಒಂದು ಅಂಚಿನಿಂದ ಬಂದ ಕಿರಣ ವಸ್ತುವಿನ ಪಕ್ಕದಿಂದ ನುಸುಳಿ ಗೋಡೆ ಸೇರಿದಾಗ, ಇನ್ನೊಂದು ಅಂಚಿನ ಕಿರಣವನ್ನು ಅದೇ ವಸ್ತು ತಡೆದಿರುತ್ತದೆ. ಅದಕ್ಕೇ ನೆರಳಿನ ಅಂಚು ಗೆರೆಯಾಗಿರದೆ ಪಟ್ಟಿಯಾಗಿರುತ್ತದೆ. ಲೆಕ್ಕ ಸುಲಭ: ವಸ್ತುವಿಗೂ ಗೋಡೆಗೂ 1 ಮೀಟರ್ ದೂರವಿದ್ದರೆ ಅಂಚಿನ ಮಸುಕು ಸುಮಾರು 9 ಮಿ.ಮೀ., 3 ಮೀಟರ್ ಆದರೆ 28 ಮಿ.ಮೀ., ಹೊರಗಿನ ಮರ 10 ಮೀಟರ್ ದೂರದಲ್ಲಿದ್ದರೆ 9 ಸೆಂ.ಮೀ. ದಾಟುತ್ತದೆ.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. 12 ಮಿ.ಮೀ. ದಪ್ಪದ ಸರಳಿನ ನೆರಳಿನ ನಡುವೆ ಪೂರ್ತಿ ಕಪ್ಪಾದ ಭಾಗ ಇರುವುದು 1.3 ಮೀಟರ್ ದೂರದವರೆಗೆ ಮಾತ್ರ. ಅದರಾಚೆ ಸರಳು ಸೂರ್ಯನ ಬಿಲ್ಲೆಯನ್ನು ಪೂರ್ತಿ ಮುಚ್ಚಲಾರದು, ನೆರಳು ಬೂದಾಗುತ್ತಾ ಹೋಗುತ್ತದೆ. ದೂರದ ಗೋಡೆಯ ಮೇಲೆ ಕಿಟಕಿ ಸರಳು ಕಾಣದೆ ಚೌಕಟ್ಟಿನ ನೆರಳು ಮಾತ್ರ ಉಳಿಯುವುದು ಇದರಿಂದಲೇ.

ಚೂಪಾದ ನೆರಳು ಬೇಕಿದ್ದರೆ ವಸ್ತುವನ್ನು ಗೋಡೆಗೆ ಹತ್ತಿರ ತನ್ನಿ. ಒಣಗಿದ ಟೊಂಗೆ, ಬುಟ್ಟಿ, ಕುರ್ಚಿಯ ಬೆನ್ನು ಯಾವುದಾದರೂ ಸರಿ, ಗೋಡೆಯಿಂದ 20–30 ಸೆಂ.ಮೀ. ದೂರದಲ್ಲಿದ್ದರೆ ಅಂಚಿನ ಮಸುಕು 3 ಮಿ.ಮೀ. ಮೀರುವುದಿಲ್ಲ. ಕಿಟಕಿಗೆ ಸೊಳ್ಳೆಪರದೆ ಹೊಡೆದಿದ್ದರೆ ತೆಗೆದಿಡಿ. ಅದು ಬೆಳಕನ್ನೂ ತಿನ್ನುತ್ತದೆ, ಬಿಸಿಲಿನ ಹೊಳಪನ್ನೂ ಕುಗ್ಗಿಸುತ್ತದೆ. ಮಬ್ಬುಗಾಜಿನ ಕಿಟಕಿಯಾದರೆ ಗಾಜು ತೆರೆದೇ ತೆಗೆಯಬೇಕು. ಆದರೆ ಎಲ್ಲವನ್ನೂ ಚೂಪು ಮಾಡುವ ಹಟ ಬೇಡ. ಹತ್ತಿರದ ಒಂದು ಎಲೆಯ ನೆರಳು ಚೂಪಾಗಿದ್ದು ಹಿಂದೆ ಮರದ ನೆರಳು ಮಸುಕಾಗಿದ್ದರೆ, ಚಪ್ಪಟೆ ಗೋಡೆಯ ಮೇಲೂ ಆಳ ಮೂಡುತ್ತದೆ.

ಎಲೆಗಳ ಸಂದಿಯಿಂದ ಬಂದ ಬಿಸಿಲು ಗೋಡೆಯ ಮೇಲೆ ದುಂಡು ದುಂಡು ಚುಕ್ಕೆಯಾಗುವುದನ್ನೂ ಗಮನಿಸಿ. ಸಂದಿ ಯಾವ ಆಕಾರದಲ್ಲಿದ್ದರೂ ಚುಕ್ಕೆ ದುಂಡಗೇ ಇರುತ್ತದೆ, ಏಕೆಂದರೆ ಒಂದೊಂದು ಚುಕ್ಕೆಯೂ ಸೂರ್ಯನ ಬಿಂಬ. ಭಾಗಶಃ ಸೂರ್ಯಗ್ರಹಣದ ಹೊತ್ತಿನಲ್ಲಿ ಅವೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗುತ್ತವೆ. ಗ್ರಹಣವನ್ನು ಮನೆಯೊಳಗಿಂದ ತೆಗೆಯಲು ಇದಕ್ಕಿಂತ ಸುರಕ್ಷಿತ ದಾರಿಯಿಲ್ಲ.

ಪ್ರಶ್ನೆ: ಒಂದು ದಿನ ಕಂಡ ಬಿಸಿಲು ಮರುವಾರ ಅದೇ ಹೊತ್ತಿಗೆ ನೋಡಿದರೆ ಬೇರೆಡೆ ಇರುತ್ತದೆ. ಮುಂಚಿತವಾಗಿ ತಿಳಿಯುವುದು ಹೇಗೆ?

ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಕಿಟಕಿಯಿಂದ 3 ಮೀಟರ್ ದೂರದ ಗೋಡೆಯ ಮೇಲೆ ಬಿಸಿಲಿನ ತುಂಡು ನಿಮಿಷಕ್ಕೆ ಒಂದು ಸೆಂ.ಮೀ. ಆಸುಪಾಸು ಚಲಿಸುತ್ತದೆ. ಅಂದರೆ ಟ್ರೈಪಾಡ್ ನಿಲ್ಲಿಸಿ, ವಸ್ತು ಜೋಡಿಸಿ ಮುಗಿಸುವ ಹತ್ತು ನಿಮಿಷದಲ್ಲಿ ಅರ್ಧ ಗೇಣಿನಷ್ಟು ಸರಿದಿರುತ್ತದೆ. ಜೋಡಣೆಯನ್ನು ಬಿಸಿಲು ಈಗ ಇರುವಲ್ಲಿ ಮಾಡಬೇಡಿ, ಹತ್ತು ನಿಮಿಷದ ಮೇಲೆ ಅದು ಬರುವ ಕಡೆ ಮಾಡಿ ಕಾಯಿರಿ.

ಬಿಸಿಲು ಒಳಗೆ ಎಷ್ಟು ದೂರ ಚಾಚುತ್ತದೆ ಎಂಬುದು ಸೂರ್ಯನ ಎತ್ತರದ ಮೇಲೆ ನಿಂತಿದೆ. ಕಿಟಕಿಯ ಮೇಲಂಚು ನೆಲದಿಂದ 2 ಮೀಟರ್ ಇದ್ದು ಸೂರ್ಯ ಕಿಟಕಿಗೆ ನೇರ ಎದುರಿದ್ದಾನೆ ಎನ್ನೋಣ. 60 ಡಿಗ್ರಿ ಎತ್ತರದಲ್ಲಿದ್ದಾಗ ಬಿಸಿಲು 1.15 ಮೀಟರ್ ಒಳಗೆ ಬರುತ್ತದೆ, 30 ಡಿಗ್ರಿಯಲ್ಲಿ ಸುಮಾರು 3.5 ಮೀಟರ್, 15 ಡಿಗ್ರಿಯಲ್ಲಿ 7.5 ಮೀಟರ್. ಎದುರುಗೋಡೆಯ ಮೇಲೆ ನೆರಳಾಟ ಬೇಕಾದವರು ಎಳೆಬಿಸಿಲನ್ನೋ ಇಳಿಬಿಸಿಲನ್ನೋ ಕಾಯಲೇಬೇಕು. ಮಧ್ಯಾಹ್ನದ ಬಿಸಿಲು ಕಿಟಕಿಯ ಬುಡದಲ್ಲೇ ಉಳಿದುಬಿಡುತ್ತದೆ.

ಋತುವಿನ ಲೆಕ್ಕಕ್ಕೆ ಕ್ಯಾಲೆಂಡರ್ ಸಾಕು. ಸೂರ್ಯನ ದಾರಿ ಜೂನ್ 21ರ ಸುಮಾರಿಗೆ ತಿರುಗಿ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಏಪ್ರಿಲ್ 21ರಂದು ಕಂಡ ಬಿಸಿಲು ಆಗಸ್ಟ್ 21ರ ಆಸುಪಾಸಿನಲ್ಲಿ ಮತ್ತೆ ಅದೇ ಜಾಗಕ್ಕೆ, ಕೆಲವೇ ನಿಮಿಷಗಳ ವ್ಯತ್ಯಾಸದಲ್ಲಿ ಬರುತ್ತದೆ. ಡಿಸೆಂಬರ್ 21ರ ಎರಡೂ ಬದಿಗೂ ತಾರೀಖಿನ ಲೆಕ್ಕ ಇದೇ, ಆದರೆ ಹೊತ್ತಿನಲ್ಲಿ ಅರ್ಧ ಗಂಟೆಯವರೆಗೂ ವ್ಯತ್ಯಾಸ ಬರಬಹುದು. ಚೆನ್ನಾದ ಬಿಸಿಲು ಕಂಡ ದಿನ ತಾರೀಖು, ಹೊತ್ತು, ಕೋಣೆ ಮೂರನ್ನೂ ಬರೆದಿಡಿ.

ಪ್ರಶ್ನೆ: ಕಿಟಕಿ ಪಕ್ಕ ಕೂರಿಸಿ ಅಜ್ಜಿಯ ಫೋಟೊ ತೆಗೆದೆ. ಮುಖದ ಒಂದು ಕಡೆ ಚೆನ್ನಾಗಿದೆ, ಇನ್ನೊಂದು ಕಡೆ ಪೂರ್ತಿ ಕಪ್ಪು. ಫ್ಲ್ಯಾಶ್ ಹಾಕಿದರೆ ಎಲ್ಲ ಚಪ್ಪಟೆ. ಏನು ಮಾಡಲಿ?

ಫ್ಲ್ಯಾಶ್ ಬೇಡ. ಮುಖದ ಎರಡು ಬದಿಗಳ ನಡುವೆ ಎರಡು ಸ್ಟಾಪ್ ವ್ಯತ್ಯಾಸವಿದ್ದರೆ ಮುಖಕ್ಕೆ ಉಬ್ಬುತಗ್ಗು ಬಂದು ಚೆನ್ನಾಗಿ ಕಾಣುತ್ತದೆ. ಮೂರು ದಾಟಿದರೆ ನೆರಳಿನ ಕಡೆಯ ಕಣ್ಣು ಕಾಣೆಯಾಗುತ್ತದೆ. ನಿಮ್ಮ ಫೋಟೊದಲ್ಲಿ ಆಗಿರುವುದು ಇದು.

ನೇರ ಬಿಸಿಲು ಬೀಳದ ಕಿಟಕಿ ಆರಿಸಿ, ಅಥವಾ ತೆಳು ಬಿಳಿ ಪರದೆ ಎಳೆಯಿರಿ. ಪರದೆಗೆ ಬಣ್ಣವಿದ್ದರೆ ಆ ಬಣ್ಣವೇ ಮುಖಕ್ಕೂ ಹತ್ತುತ್ತದೆ. ಪರದೆ ಇಲ್ಲದಿದ್ದರೆ ಟ್ರೇಸಿಂಗ್ ಪೇಪರನ್ನು ಕಿಟಕಿಗೆ ಅಂಟಿಸಬಹುದು. ಒಂದೆರಡು ಸ್ಟಾಪ್ ಬೆಳಕು ಕಡಿಮೆಯಾಗುತ್ತದೆ, ಆದರೆ ಇಡೀ ಕಿಟಕಿಯೇ ಮೆತ್ತನೆಯ ದೀಪವಾಗುತ್ತದೆ. ಬೆಳಕು ಮೆದುವಾಗುವುದು ಕಿಟಕಿಯ ಅಳತೆಯಿಂದಲೂ ದೂರದಿಂದಲೂ. ಒಂದು ಮೀಟರ್ ಅಗಲದ ಕಿಟಕಿಗೆ ಒಂದು ಮೀಟರ್ ದೂರ ಕೂತರೆ ನೆರಳಿನ ಅಂಚು ನಯವಾಗಿ ಕರಗುತ್ತದೆ. ಮೂರು ಮೀಟರ್ ಹಿಂದೆ ಸರಿದರೆ ಅದೇ ಕಿಟಕಿ ಸಣ್ಣ ದೀಪದಂತೆ ಗಡಸು ನೆರಳು ಕೊಡುತ್ತದೆ.

ಅಜ್ಜಿಯ ಕುರ್ಚಿ ಕಿಟಕಿಯ ನಟ್ಟನಡುವೆ ಬೇಡ. ಕಿಟಕಿಯ ಒಂದು ಅಂಚಿನ ಸಾಲಿಗೆ, ಕೋಣೆಯ ಒಳಬದಿಗೆ ಒಂದು ಹೆಜ್ಜೆ ಸರಿಸಿ ಹಾಕಿ. ಆಗ ಬೆಳಕು ಪಕ್ಕದಿಂದಷ್ಟೇ ಅಲ್ಲದೆ ಸ್ವಲ್ಪ ಮುಂದಿನಿಂದಲೂ ಬರುತ್ತದೆ. ಮುಖವನ್ನು ಕಿಟಕಿಯ ಕಡೆ ನಿಧಾನವಾಗಿ ತಿರುಗಿಸಲು ಹೇಳಿ. ದೂರದ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ ಸಣ್ಣ ತ್ರಿಕೋನದಷ್ಟು ಬೆಳಕು ಬಿದ್ದ ಕೂಡಲೇ ನಿಲ್ಲಿಸಿ. ಎರಡೂ ಕಣ್ಣುಗಳಲ್ಲಿ ಕಿಟಕಿಯ ಮಿಂಚು ಕಂಡರೆ ಸರಿಯಾಗಿದೆ ಎಂದರ್ಥ. ಕನ್ನಡಕವಿದ್ದು ಗಾಜಿನಲ್ಲಿ ಕಿಟಕಿ ಹೊಳೆಯುತ್ತಿದ್ದರೆ ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ತುಸು ಎತ್ತಿ. ಗಾಜು ಕೆಳಮುಖವಾಗಿ ಹೊಳಪು ಬೇರೆಡೆ ಹೋಗುತ್ತದೆ.

ಇಷ್ಟಾದರೂ ನೆರಳು ಗಾಢವಾಗಿದ್ದರೆ ನೆರಳಿನ ಕಡೆ ಬಿಳಿ ಥರ್ಮಾಕೋಲ್ ಹಲಗೆ ಅಥವಾ ದಪ್ಪ ಡ್ರಾಯಿಂಗ್ ಶೀಟ್ ಹಿಡಿಯಿರಿ. 50 × 70 ಸೆಂ.ಮೀ. ಅಳತೆ ಮುಖಕ್ಕೆ ಸಾಕು. ಅರ್ಧ ಮೀಟರ್ ಹತ್ತಿರ ತಂದು, ಹಿಂದೆ ಸರಿಸುತ್ತಾ ನೋಡಿದರೆ ಎಲ್ಲಿ ನಿಲ್ಲಿಸಬೇಕೆಂದು ಕಣ್ಣಿಗೇ ತಿಳಿಯುತ್ತದೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಬಳಸುವವರಿದ್ದಾರೆ. ಅದರ ಹೊಳಪು ಮುಖದ ಮೇಲೆ ಕಲೆ ಕಲೆಯಾಗಿ ಬೀಳುತ್ತದೆ, ಬಿಳಿ ಹಲಗೆಯೇ ಮೇಲು. ತದ್ವಿರುದ್ಧ ಸಮಸ್ಯೆಯೂ ಉಂಟು. ಸಣ್ಣ ಕೋಣೆ, ಸುತ್ತ ಬಿಳಿ ಗೋಡೆಯಿದ್ದರೆ ನೆರಳೇ ಹುಟ್ಟುವುದಿಲ್ಲ. ಆಗ ಅದೇ ಜಾಗದಲ್ಲಿ ಕಪ್ಪು ಬಟ್ಟೆ ತೂಗುಹಾಕಿ.

ಎಕ್ಸ್‌ಪೋಷರ್ ಐಎಸ್‌ಒ 400, ಎಫ್/2.8, 1/125ರಿಂದ ಶುರು ಮಾಡಿ. ಐಎಸ್‌ಒ 1600ಕ್ಕೆ ಏರಿಸಲು ಹೆದರಬೇಡಿ. ಸ್ವಲ್ಪ ಕಾಳುಕಾಳಾದ ಚಿತ್ರವನ್ನು ನೋಡಬಹುದು, ಅಲುಗಿದ ಮುಖವನ್ನು ನೋಡಲಾಗದು. ಹಿನ್ನೆಲೆ ಗೋಡೆ ಕತ್ತಲಾಗಬೇಕಿದ್ದರೆ ಅಜ್ಜಿಯನ್ನು ಕಿಟಕಿಗೆ ಇನ್ನೂ ಹತ್ತಿರ ಕೂರಿಸಿ. ಕಿಟಕಿಯಿಂದ 1 ಮೀಟರ್ ದೂರದಲ್ಲಿರುವ ಬೆಳಕು 2 ಮೀಟರ್‌ಗೆ ಹೋಗುವಾಗ ಒಂದೂವರೆಯಿಂದ ಎರಡು ಸ್ಟಾಪ್ ಇಳಿಯುತ್ತದೆ. ಮುಖ ಹತ್ತಿರ, ಗೋಡೆ ದೂರ ಇದ್ದಷ್ಟೂ ಈ ಅಂತರ ಹೆಚ್ಚು.

ಪ್ರಶ್ನೆ: ಒಂದೇ ಕೋಣೆಯ ಫೋಟೊಗಳಲ್ಲಿ ಒಂದು ನೀಲಿ, ಇನ್ನೊಂದು ಹಳದಿ. ಯಾಕೆ?

ಬೆಳಕಿನ ಬಣ್ಣವನ್ನು ಸರಿದೂಗಿಸುವ ಆಟೊ ವೈಟ್ ಬ್ಯಾಲೆನ್ಸ್ ಪ್ರತಿ ಫೋಟೊಗೂ ಹೊಸದಾಗಿ ಊಹೆ ಮಾಡುತ್ತದೆ. ನೇರ ಬಿಸಿಲು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ; ಹೆಚ್ಚಿದಷ್ಟೂ ನೀಲಿ, ಇಳಿದಷ್ಟೂ ಹಳದಿ), ನೀಲಿ ಆಕಾಶದಿಂದ ಮಾತ್ರ ಬರುವ ಬೆಳಕು 7000ದಿಂದ 10000, ಹಳದಿ ಬಲ್ಬು 2700ರಿಂದ 3000. ದೀಪ ಉರಿಯುತ್ತಿದ್ದರೆ ಒಂದೇ ಚಿತ್ರದಲ್ಲಿ ಎರಡು ಬಣ್ಣ ಸೇರಿಕೊಳ್ಳುತ್ತವೆ, ಎಡಿಟಿಂಗ್‌ನಲ್ಲಿ ಎರಡನ್ನೂ ಒಟ್ಟಿಗೆ ಸರಿಪಡಿಸುವುದು ಬಹಳ ಕಷ್ಟ. ದೀಪ ಆರಿಸಿ, ವೈಟ್ ಬ್ಯಾಲೆನ್ಸನ್ನು 5500ಕ್ಕೆ ಕೈಯಾರೆ ನಿಲ್ಲಿಸಿ. ಬಿಸಿಲು ತುಸು ಬೆಚ್ಚಗೆ, ನೆರಳು ತುಸು ನೀಲಿಯಾಗಿ ಬರುತ್ತದೆ. ಅದು ಸಹಜವಾದದ್ದು, ಹಾಗೇ ಇರಲಿ. ಬಣ್ಣದ ಗೋಡೆ, ಕೆಂಪು ನೆಲ, ಹೊರಗಿನ ಹಸಿರು ಗಿಡಗಳೂ ಬೆಳಕಿಗೆ ತಮ್ಮ ಬಣ್ಣ ಬೆರೆಸುತ್ತವೆ. ಚರ್ಮ ಹಸಿರಾಗಿ ಕಂಡರೆ ಮೊದಲು ಕಿಟಕಿಯಾಚೆ ನೋಡಿ.

ಪ್ರಶ್ನೆ: ಬಿಸಿಲುಕೋಲು ಕಣ್ಣಿಗೆ ಕಾಣುತ್ತದೆ, ಫೋಟೊದಲ್ಲಿ ಬರುವುದಿಲ್ಲ.

ಬಿಸಿಲುಕೋಲು ಎಂದರೆ ಗಾಳಿಯಲ್ಲಿ ತೇಲುವ ದೂಳಿನ ಕಣಗಳು ಚದುರಿಸಿದ ಬೆಳಕು. ಕಣಗಳು ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚದುರಿಸುತ್ತವೆ, ಹಾಗಾಗಿ ನೀವು ಕಿಟಕಿಗೆ ಬೆನ್ನು ಹಾಕಿ ನಿಂತರೆ ಅದು ಕಾಣದು. ಕೋಲು ನಿಮ್ಮ ಕಡೆಗೆ ಓರೆಯಾಗಿ ಬರುವಂತೆ, ಕಿಟಕಿಯತ್ತ ಮುಖಮಾಡಿ ನಿಲ್ಲಿ; ಕಿಟಕಿಯನ್ನು ಮಾತ್ರ ಚೌಕಟ್ಟಿನ ಹೊರಗಿಡಿ. ಕೋಲಿನ ಹಿಂದೆ ಕತ್ತಲ ಗೋಡೆಯೋ ಮರದ ಬಾಗಿಲೋ ಇರಬೇಕು. ಪರದೆಯನ್ನು 10–15 ಸೆಂ.ಮೀ. ಸಂದಿಯಷ್ಟೇ ಬಿಟ್ಟು ಎಳೆದರೆ ಕೋಲು ಎದ್ದು ಕಾಣುತ್ತದೆ. ಗಾಳಿ ಶುಭ್ರವಾಗಿದ್ದರೆ ಸ್ಪ್ರೇ ಬಾಟಲಿಯಿಂದ ನೀರಿನ ತುಂತುರು ಎರಚಿ, ಅಥವಾ ಕುದಿಯುವ ನೀರಿನ ಪಾತ್ರೆ ಕೋಲಿನ ಬುಡದಲ್ಲಿಡಿ. ಫ್ಯಾನ್ ನಿಲ್ಲಿಸಿ. ಲೆನ್ಸಿನ ಮೇಲೆ ನೇರ ಬೆಳಕು ಬೀಳದಂತೆ ಹುಡ್ ಅಥವಾ ಅಂಗೈ ಅಡ್ಡ ಹಿಡಿಯದಿದ್ದರೆ ಇಡೀ ಚಿತ್ರ ಬಿಳಿಚಿಕೊಳ್ಳುತ್ತದೆ.

ಪ್ರಶ್ನೆ: ಕಿಟಕಿಯೂ ಕೋಣೆಯೂ ಒಟ್ಟಿಗೆ ಬರಬೇಕು. ಕೋಣೆ ಸರಿಯಾದರೆ ಹೊರಗೆಲ್ಲ ಬಿಳಿ, ಹೊರಗೆ ಸರಿಯಾದರೆ ಕೋಣೆ ಕಪ್ಪು. ಮೋಡದ ದಿನ ಪ್ರಯತ್ನಿಸಿದರೂ ಹಾಗೇ.

ಮೋಡ ಕವಿದರೆ ಹೊರಗಿನ ಬೆಳಕು ಕುಗ್ಗುತ್ತದೆ ನಿಜ, ಆದರೆ ಕೋಣೆಗೆ ಬೆಳಕು ಬರುವುದೂ ಅಲ್ಲಿಂದಲೇ. ಎರಡೂ ಒಟ್ಟಿಗೆ ಕುಗ್ಗುವುದರಿಂದ ಅಂತರ ಉಳಿದೇ ಇರುತ್ತದೆ. ಹೊರಗಿನ ಬೆಳಕಿನ ಶೇಕಡಾ 2ರಷ್ಟು ಮಾತ್ರ ಒಳಗೆ ತಲುಪುವ ಕೋಣೆಯಲ್ಲಿ ಈ ಅಂತರ ಐದೂವರೆ ಸ್ಟಾಪಿಗೂ ಹೆಚ್ಚು. ಒಳಗಿನ ಕಪ್ಪು ಮೂಲೆಯಿಂದ ಹೊರಗಿನ ಬಿಳಿ ಮೋಡದವರೆಗೆ ಅಳೆದರೆ ಇನ್ನೂ ದೊಡ್ಡದು.

ಟ್ರೈಪಾಡ್ ಮೇಲೆ ಕ್ಯಾಮೆರಾ ನಿಲ್ಲಿಸಿ, ಅಪರ್ಚರ್ ಬದಲಿಸದೆ ಶಟರ್ ವೇಗ ಮಾತ್ರ ಬದಲಿಸುತ್ತಾ ಎರಡೆರಡು ಸ್ಟಾಪ್ ಅಂತರದಲ್ಲಿ ಮೂರರಿಂದ ಐದು ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಸೇರಿಸಬಹುದು. ಎರಡು ಸೆಕೆಂಡಿನ ಟೈಮರ್ ಹಾಕಿ, ಬೆರಳ ಒತ್ತಿಗೆ ಕ್ಯಾಮೆರಾ ಅಲುಗದಿರಲಿ. ಹೊರಗೆ ಎಲೆಗಳು ಗಾಳಿಗೆ ಆಡುತ್ತಿದ್ದರೆ ಸೇರಿಸಿದ ಚಿತ್ರದಲ್ಲಿ ಅವು ಎರಡೆರಡಾಗಿ ಕಾಣುತ್ತವೆ. ಸೇರಿಸುವಾಗ ಕತ್ತಲನ್ನು ಪೂರ್ತಿ ಎತ್ತಬೇಡಿ. ಒಳಗೆ ಹೊರಗಿಗಿಂತ ಎರಡು ಸ್ಟಾಪಾದರೂ ಕತ್ತಲಿದ್ದರೆ ಮಾತ್ರ ಕೋಣೆ ಕೋಣೆಯಂತೆ ಕಾಣುತ್ತದೆ.

ನಮ್ಮ ಸಲಹೆ ಕೇಳಿದರೆ, ಎರಡರಲ್ಲಿ ಒಂದನ್ನು ಬಿಟ್ಟುಕೊಡಿ. ಕಿಟಕಿಗೆ ಅಳತೆ ಮಾಡಿ ಕೋಣೆಯನ್ನು ಕಪ್ಪಾಗಲು ಬಿಟ್ಟರೆ ಸರಳು, ಹೂಕುಂಡ, ಕೂತವರ ಆಕಾರ ಮಾತ್ರ ಉಳಿದು ಚಿತ್ರ ಗಟ್ಟಿಯಾಗುತ್ತದೆ. ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1835ರ ಆಗಸ್ಟ್‌ನಲ್ಲಿ ತನ್ನ ಮನೆಯಾದ ಲೇಕಾಕ್ ಆ್ಯಬಿಯ ಕಿಟಕಿಯೊಂದನ್ನು ಒಳಗಿನಿಂದ ತೆಗೆದದ್ದೂ ಹೀಗೆಯೇ. ಅಂಚೆಚೀಟಿಯಂತೆ ಪುಟ್ಟದಾದ ಆ ನೆಗೆಟಿವ್ ಇಂದು ಉಳಿದಿರುವ ನೆಗೆಟಿವ್‌ಗಳಲ್ಲಿ ಅತ್ಯಂತ ಹಳೆಯದು. ಕೋಣೆಯ ವಿವರವೇನೂ ಅದರಲ್ಲಿಲ್ಲ, ಆದರೆ ಹೊಸದರಲ್ಲಿ ಸುಮಾರು 200 ಗಾಜಿನ ಚೌಕಗಳನ್ನು ಭೂತಗನ್ನಡಿ ಹಿಡಿದು ಎಣಿಸಬಹುದಿತ್ತು ಎಂದು ಆತ ಬರೆದಿಟ್ಟಿದ್ದಾನೆ.

ಪ್ರಶ್ನೆ: ಎಡಿಟ್ ಮಾಡಿದ ಮೇಲೆ ಗೋಡೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿಗಳು ಕಾಣುತ್ತವೆ.

ಜೆಪೆಗ್ ಫೈಲಿನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲುಗಳಷ್ಟೇ ಇವೆ. ನಯವಾಗಿ ಕರಗುವ ನೆರಳನ್ನು ಎಳೆದಾಡಿದಾಗ ಆ ಮೆಟ್ಟಿಲುಗಳು ಬಯಲಾಗುತ್ತವೆ. ರಾ ಫೈಲ್‌ನಲ್ಲಿ ತೆಗೆದು, ಅದರಲ್ಲೇ ತಿದ್ದಿ, ಕೊನೆಗೊಮ್ಮೆ ಮಾತ್ರ ಜೆಪೆಗ್ ಮಾಡಿ. ತುಸು ಗ್ರೇನ್ (ಕಾಳುಕಾಳು) ಸೇರಿಸಿದರೂ ಪಟ್ಟಿಗಳು ಮುಚ್ಚಿಹೋಗುತ್ತವೆ. ಪಟ್ಟಿಗಳು ಎಡಿಟ್ ಮಾಡುವ ಮೊದಲೇ, ಸಮಾನ ಅಂತರದಲ್ಲಿ ಕಂಡರೆ ಕಾರಣ ಬೇರೆ: ಎಲ್‌ಇಡಿ ದೀಪ ಮಿಣುಕುತ್ತಿದೆ. ಅದಕ್ಕೂ ಮದ್ದು ದೀಪ ಆರಿಸುವುದೇ.

ಪ್ರಶ್ನೆ: ಕೋಣೆಯನ್ನೇ ಕ್ಯಾಮೆರಾ ಮಾಡಿ ಹೊರಗಿನ ನೋಟವನ್ನು ಗೋಡೆಯ ಮೇಲೆ ತರಬಹುದಂತೆ. ಅಳತೆಗಳೇನು?

ಎದುರಿಗೆ ಬಿಸಿಲು ಬಿದ್ದ ಕಟ್ಟಡವೋ ಮರವೋ ಇರುವ ಕಿಟಕಿ ಬೇಕು, ಆ ಕಿಟಕಿಯ ಮೇಲೆ ಮಾತ್ರ ಬಿಸಿಲು ಇರಬಾರದು. ಗಾಜಿಗೆ ದಪ್ಪ ಕಪ್ಪು ಪ್ಲಾಸ್ಟಿಕ್ ಹಾಳೆ ಎರಡು ಪದರ ಮುಚ್ಚಿ, ಅಂಚುಗಳಿಗೆಲ್ಲ ಟೇಪ್ ಹಚ್ಚಿ; ಬಾಗಿಲ ಕೆಳಗಿನ ಸಂದಿಗೂ ಬಟ್ಟೆ ತುರುಕಿ. ಹಾಳೆಯ ನಡುವೆ ಅಂಗೈಯಗಲ ಕತ್ತರಿಸಿ, ಆ ಜಾಗಕ್ಕೆ 15 ಮಿ.ಮೀ. ದುಂಡು ತೂತಿರುವ ಕಪ್ಪು ರಟ್ಟು ಅಂಟಿಸಿ. ಹಾಳೆಯಲ್ಲೇ ತೂತು ಮಾಡಿದರೆ ಅಂಚು ಹರಿದು ಬಿಂಬ ಕೆಡುತ್ತದೆ. ಎದುರಿನ ಬಿಳಿ ಗೋಡೆ 3 ಮೀಟರ್ ದೂರದಲ್ಲಿದ್ದರೆ ಬಿಂಬ ತಲೆಕೆಳಗಾಗಿ ಮೂಡುತ್ತದೆ. ಮೊದಲು ಏನೂ ಕಾಣದೆ ನಿರಾಶೆಯಾಗಬಹುದು. ಕಣ್ಣು ಕತ್ತಲಿಗೆ ಹೊಂದಲು ಹತ್ತು ನಿಮಿಷ ಕೊಡಿ.

ಟ್ರೈಪಾಡ್ ಮೇಲೆ ಐಎಸ್‌ಒ 800, ಎಫ್/4, 10ರಿಂದ 20 ಸೆಕೆಂಡು ಹಾಕಿ ನೋಡಿ. ಫೋಕಸ್ಸನ್ನು ತೂತು ಮಾಡುವ ಮೊದಲೇ, ಗೋಡೆಗೆ ಟಾರ್ಚ್ ಬಿಟ್ಟು ಹಿಡಿದು ಮ್ಯಾನ್ಯುಯಲ್‌ಗೆ ಬದಲಿಸಿಡಿ. ಬಿಂಬ ಮಸುಕೆನಿಸಿದರೆ 8 ಮಿ.ಮೀ. ತೂತಿನ ರಟ್ಟು ಹಾಕಿ. ಅಂಚುಗಳು ಸ್ಪಷ್ಟವಾಗುತ್ತವೆ, ಆದರೆ ಮೂರೂವರೆ ಪಟ್ಟು ಹೆಚ್ಚು ಸಮಯ ಬೇಕು. ಆ ಹೊತ್ತಿನಲ್ಲಿ ಮೊಬೈಲ್ ಪರದೆ ಬೆಳಗದಂತೆ ಮಗುಚಿಡಿ.